ಕಾಡಿಗೆ ಹಾಕಿದ ಹಣ



ನಿಮ್ಮ ಶಾಲೆಯ ಅಥವಾ ಕಾಲೇಜಿನ ಪ್ರವಾಸದ ಬಸ್ಸು ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳನ್ನು ದಾಟಿ ಬಂಡೀಪುರದ ಕಡೆಗೆ ಹೊರಟಿದೆ ಎಂದು ಭಾವಿಸಿಕೊಳ್ಳಿ. ಹಾಡು, ಗಲಾಟೆ, ಚುರುಮುರಿ ಎಲ್ಲವೂ ಮುಗಿದಿದೆ. ಕಾಡು ಶುರುವಾದ ಕೂಡಲೇ ಬಸ್ಸಿನಲ್ಲಿ ಮೌನ. ಅರಣ್ಯ ಇಲಾಖೆಯ ಕೌಂಟರಿನಲ್ಲಿ ಮೇಷ್ಟ್ರು ಎಲ್ಲರ ಪರವಾಗಿ ಹಣ ಕಟ್ಟಿ ಚೀಟಿ ಪಡೆಯುತ್ತಾರೆ. ಇಲಾಖೆಯ ವಾಹನದಲ್ಲಿ ನಿಮ್ಮನ್ನು ಕೂರಿಸಿಕೊಂಡು ಒಂದೆರಡು ಗಂಟೆ ಸುತ್ತಿಸುತ್ತಾರೆ. ಜಿಂಕೆ ಕಂಡಿತು, ಕಾಟಿ ಕಂಡಿತು, ಆನೆಯ ಹಿಂಡು ಕಂಡಿತು. ಅದೃಷ್ಟವಿದ್ದರೆ ಹುಲಿಯೂ ಕಂಡಿತು. ಹಿಂತಿರುಗುವಾಗ ಒಬ್ಬ ಗೆಳೆಯ ಹೇಳುತ್ತಾನೆ: "ಹುಲಿ ಕಾಣಲಿಲ್ಲ, ದುಡ್ಡು ದಂಡ."

ಈ ಕೊನೆಯ ಮಾತನ್ನೇ ಹಿಡಿದುಕೊಂಡು ಇವತ್ತು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ನಾವು ಕೊಟ್ಟ ಆ ಹಣ ಯಾವುದಕ್ಕೆ? ಹುಲಿ ತೋರಿಸುವುದಕ್ಕೋ, ಹುಲಿ ಉಳಿಸುವುದಕ್ಕೋ? ಕಾಡು ಸರ್ಕಾರದ್ದು, ಅಂದರೆ ನಮ್ಮೆಲ್ಲರದು. ಅದರಲ್ಲಿ ಸರ್ಕಾರ ಹಣ ಹೂಡುತ್ತದೆ, ಜನ ವಿಹಾರಕ್ಕೆ ಬರುತ್ತಾರೆ, ಪ್ರವಾಸೋದ್ಯಮ ನಡೆಯುತ್ತದೆ. ಈ ವ್ಯವಹಾರದ ಲೆಕ್ಕವನ್ನು ಹೇಗೆ ಬರೆಯಬೇಕು ಎಂಬುದು ಇಂದಿನ ಪ್ರಶ್ನೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಫೆಬ್ರವರಿ ತಿಂಗಳಲ್ಲಿ ಅರ್ಧ ಗಂಟೆಯ ಕಾರ್ಯಕ್ರಮವೊಂದಕ್ಕಾಗಿ ನಮ್ಮ ತಂಡ ಬಂಡೀಪುರಕ್ಕೆ ಹೋಗಿತ್ತು. ಬೇಕಾದ ಅನುಮತಿ ಪಡೆದು ನಾಲ್ಕು ದಿನ ಚಿತ್ರೀಕರಣ ಮಾಡಿದೆವು. ಎರಡನೆಯ ದಿನ ದಾರಿಯ ಪಕ್ಕದಲ್ಲಿ ಏಳೆಂಟು ಜನ ಒಣಹುಲ್ಲು ಕೆರೆಯುತ್ತ, ತರಗೆಲೆ ಗುಡಿಸುತ್ತ, ಸಣ್ಣಗೆ ಬೆಂಕಿ ಹಚ್ಚಿ ಹಸಿ ಸೊಪ್ಪಿನಿಂದ ಬಡಿದು ಆರಿಸುತ್ತ ಸಾಗುತ್ತಿದ್ದರು. ಬೆಂಕಿ ರೇಖೆ ಮಾಡುವವರು. ಬಹುಮಂದಿ ಆಸುಪಾಸಿನ ಹಾಡಿಗಳ ಜೇನುಕುರುಬರು. ಅವರಲ್ಲಿ ಹಿರಿಯರೊಬ್ಬರನ್ನು "ಯಜಮಾನರೆ, ಇವತ್ತು ಹುಲಿ ಏನಾದರೂ ಕಂಡಿತೆ?" ಎಂದು ಕೇಳಿದೆ. ಅವರು ನಕ್ಕು, "ನೀವು ಹುಲಿ ಹುಡುಕ್ತೀರಿ ಸಾ, ನಾವು ಹೊಗೆ ಹುಡುಕ್ತೀವಿ" ಎಂದರು. ಆ ದೃಶ್ಯವನ್ನೂ ಆ ಮಾತನ್ನೂ ಚಿತ್ರೀಕರಿಸಿಕೊಂಡೆವು. ಆದರೆ ಸಂಕಲನದ ಕೊಠಡಿಯಲ್ಲಿ ಸಮಯ ಸಾಲದಾದಾಗ ಮೊದಲು ಕತ್ತರಿಸಿದ್ದು ಅದನ್ನೇ. ಆನೆ ಉಳಿಯಿತು, ಹುಲಿ ಉಳಿಯಿತು, ಸೂರ್ಯಾಸ್ತವೂ ಉಳಿಯಿತು. ಕಾರ್ಯಕ್ರಮ ಪ್ರಸಾರವಾದ ಮೇಲೆ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಳು: "ಸರ್, ಕಾಡಿನಲ್ಲಿ ಸರ್ಕಾರ ಮಾಡುವ ಕೆಲಸ ಜೀಪು ಓಡಿಸುವುದು ಮಾತ್ರವೇ?" ಆ ಪತ್ರಕ್ಕೆ ನಾನು ಕೊಡಬೇಕಾಗಿದ್ದ ಉತ್ತರವೇ ಇಂದಿನ ಮಾತು.

ಬೇಟೆಯ ಕಾಡಿನಿಂದ ಎಲ್ಲರ ಕಾಡಿಗೆ

ಸ್ವಲ್ಪ ಇತಿಹಾಸ ನೋಡೋಣ. ಕಾಡೊಂದನ್ನು ಸರ್ಕಾರ ಜನರ ವಿಹಾರಕ್ಕಾಗಿ ಮೀಸಲಿಡುವುದು ಹೊಸ ಕಾಲದ ಕಲ್ಪನೆ. ಅಮೆರಿಕದ ಯೆಲ್ಲೋಸ್ಟೋನ್ 1872ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ, 1931ರಲ್ಲಿ, ಬಂಡೀಪುರದ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ವನ್ಯಧಾಮವೆಂದು ಕಾಯ್ದಿರಿಸಲಾಯಿತು. ಅದಕ್ಕೂ ಹಿಂದೆ ಇದೇ ಸೀಮೆಯ ಕಾಡುಗಳು ರಾಜರ, ಅವರ ಅತಿಥಿಗಳ ಬೇಟೆಯ ಕಾಡುಗಳು. ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧ. ಕಾಡಾನೆಗಳನ್ನು ಹೊಳೆಗೆ ಅಟ್ಟಿ, ದೊಡ್ಡಿಗೆ ನುಗ್ಗಿಸಿ ಹಿಡಿಯುವುದನ್ನು ನೋಡಲು ದೇಶವಿದೇಶಗಳ ಗಣ್ಯರು ಬರುತ್ತಿದ್ದರು. ಅಲ್ಲಿನ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದನ್ನೂ ಒಂದು ಬಗೆಯ ಪ್ರವಾಸೋದ್ಯಮ ಎನ್ನಬಹುದು. ಆದರೆ ಅದು ಕೆಲವರಿಗೆ ಮಾತ್ರ ಮೀಸಲು, ಮತ್ತು ಕಾಡಿನಿಂದ ತೆಗೆದುಕೊಳ್ಳುವುದೇ ಅದರ ಉದ್ದೇಶ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದೇ ವರ್ಷದ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಹುಲಿಗಳ ಲೆಕ್ಕ 1,827. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾಯಿತು. ಆಗ ಆರಿಸಿದ ಒಂಬತ್ತು ಪ್ರದೇಶಗಳಲ್ಲಿ ನಮ್ಮ ಬಂಡೀಪುರವೂ ಒಂದು. ಇನ್ನು ಮುಂದಿನದು ನಿಮಗೆ ಗೊತ್ತಿರಬಹುದು. 2022ರ ಗಣತಿಯ ಅಂದಾಜಿನ ಪ್ರಕಾರ ದೇಶದಲ್ಲಿ 3,682 ಹುಲಿಗಳು, ಕರ್ನಾಟಕದಲ್ಲಿ 563, ಬಂಡೀಪುರದಲ್ಲಿ 150, ಪಕ್ಕದ ನಾಗರಹೊಳೆಯಲ್ಲಿ 141. ಎಣಿಸುವ ವಿಧಾನ ಬದಲಾಗಿದೆ. ಆಗ ಹೆಜ್ಜೆಗುರುತು ನೋಡಿ ಎಣಿಸುತ್ತಿದ್ದರು, ಈಗ ಕ್ಯಾಮೆರಾ ಬಲೆಗಳಲ್ಲಿ ಸಿಕ್ಕ ಹುಲಿಯ ಪಟ್ಟೆಗಳನ್ನು ಹೋಲಿಸಿ ಗುರುತಿಸುತ್ತಾರೆ. ಹೀಗಾಗಿ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಕಳೆದುಬಿಡಬಾರದು. ಆದರೂ ದಿಕ್ಕು ಯಾವುದೆಂಬುದು ಸ್ಪಷ್ಟವಾಗಿದೆ. ಐವತ್ತು ವರ್ಷ ಬಿಡದೆ ಸಾರ್ವಜನಿಕ ಹಣ ಹಾಕಿದ್ದರ ಫಲವಿದು.

ಪ್ರವಾಸೋದ್ಯಮದ ಕಥೆ ಇದಕ್ಕೆ ಸೇರಿಕೊಂಡದ್ದು ಕಬಿನಿಯಲ್ಲಿ. ಹೆಗ್ಗಡದೇವನಕೋಟೆ ತಾಲೂಕಿನ ಬೀಚನಹಳ್ಳಿಯ ಹತ್ತಿರ ಕಬಿನಿಗೆ ಅಣೆಕಟ್ಟು ಪೂರ್ಣಗೊಂಡದ್ದು 1974ರಲ್ಲಿ. ಉದ್ದೇಶ ನೀರಾವರಿ. ಆದರೆ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಂಡೆಯ ತೇವದ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಸುತ್ತಲ ಕಾಡೆಲ್ಲ ಒಣಗಿ ನಿಂತಿರುವಾಗ ನೀರು, ಮೇವು ಎರಡೂ ಒಂದೇ ಕಡೆ ಸಿಗುವುದರಿಂದ ನೂರಾರು ಆನೆಗಳು ಅಲ್ಲಿಗೆ ಬರುತ್ತವೆ. ಏಷ್ಯದ ಆನೆಗಳನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಯಲಲ್ಲಿ ನೋಡಬಲ್ಲ ತಾಣಗಳು ಜಗತ್ತಿನಲ್ಲೇ ವಿರಳ. 1980ರಲ್ಲಿ ಕರ್ನಾಟಕ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯೊಡನೆ ಸೇರಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಕಾರಾಪುರದಲ್ಲಿದ್ದ ಮಹಾರಾಜರ ಕಾಲದ ಬೇಟೆ ಬಂಗಲೆ ಪ್ರವಾಸಿಗಳ ವಸತಿಗೃಹವಾಯಿತು. ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ನೆಲೆಸಿ ಎಲ್ಲರ 'ಪಾಪಾ' ಆಗಿದ್ದರು. ಮುಂದೆ ಸಂಸ್ಥೆ ಪೂರ್ತಿಯಾಗಿ ರಾಜ್ಯ ಸರ್ಕಾರದ್ದಾಯಿತು.

ಬೇಟೆಯ ಬಂಗಲೆ ನೋಟದ ಬಂಗಲೆಯಾದದ್ದು ದೊಡ್ಡ ಬದಲಾವಣೆಯೇ ಸರಿ. ಆದರೆ ಒಂದು ಮಾತನ್ನು ಗಮನಿಸಿ. ಪ್ರವಾಸಿ ಕಬಿನಿಗೆ ಬರುವುದು ಹಾಸಿಗೆ, ಊಟಕ್ಕಾಗಿ ಅಲ್ಲ. ಬರುವುದು ಆನೆಗಾಗಿ. ಆನೆ ಬರುವುದು ನೀರು, ಹುಲ್ಲು, ಕಾಡು ಇರುವುದರಿಂದ. ವಸತಿಗೃಹಕ್ಕೆ ಹಾಕಿದ ಬಂಡವಾಳಕ್ಕೆ ಲಾಭ ಬರುವುದು ಅದರ ಹಿಂದೆ ನಿಂತಿರುವ, ಯಾವ ಬಿಲ್ಲಿನಲ್ಲೂ ಬರೆಯದ, ಇನ್ನೊಂದು ಬಂಡವಾಳದಿಂದ.

ಕಾಣುವ ಖರ್ಚು, ಕಾಣದ ಖರ್ಚು

ಹೀಗಾಗಿ ಕಾಡಿಗೆ ಹಾಕುವ ಹಣವನ್ನು ಎರಡು ಬಗೆ ಮಾಡಿಕೊಳ್ಳೋಣ. ಸ್ವಾಗತ ಕಮಾನು, ಕಾಟೇಜು, ವಾಹನ, ನಾಮಫಲಕ, ವೀಕ್ಷಣಾ ಗೋಪುರ, ಶೌಚಾಲಯ ಇವೆಲ್ಲ ಕಣ್ಣಿಗೆ ಕಾಣುವ ಖರ್ಚು. ಉದ್ಘಾಟನೆಗೆ ಯೋಗ್ಯವಾದ ಖರ್ಚು ಎನ್ನಬಹುದು. ಟೇಪು ಕತ್ತರಿಸಬಹುದು, ಫೋಟೋ ತೆಗೆಯಬಹುದು, ನಮ್ಮಂಥವರು ಕ್ಯಾಮೆರಾ ತಂದು ನಿಲ್ಲಿಸಬಹುದು. ಕಾಣದ ಖರ್ಚು ಬೇರೆಯದೇ.

ಮೊದಲನೆಯದು ಬೆಂಕಿ ರೇಖೆ. ಬಂಡೀಪುರದ ಬಹುಭಾಗ ಎಲೆಯುದುರುವ ಕಾಡು. ಜನವರಿಯಿಂದ ಎಲೆ ಉದುರತೊಡಗಿ ಫೆಬ್ರವರಿ, ಮಾರ್ಚಿ ಹೊತ್ತಿಗೆ ನೆಲವೆಲ್ಲ ತರಗೆಲೆಯ ಹಾಸು, ಆಳೆತ್ತರದ ಒಣಹುಲ್ಲು. ಉರಿಯುವುದಕ್ಕೆ ಬೇಕಾದದ್ದು ಮೂರು: ಇಂಧನ, ಗಾಳಿಯ ಆಮ್ಲಜನಕ, ಕಿಡಿ. ಗಾಳಿಯನ್ನು ತಡೆಯಲಾಗದು. ಕಿಡಿ ಬಹುಪಾಲು ಮನುಷ್ಯನ ಕೈಯಿಂದಲೇ ಬೀಳುತ್ತದೆ. ಉಳಿದದ್ದು ಇಂಧನ. ದಾರಿಯ ಎರಡೂ ಬದಿ, ಗಡಿಯುದ್ದಕ್ಕೂ ಇಂತಿಷ್ಟು ಅಗಲ ಹುಲ್ಲು ಕಡಿದು, ಮುಂಚೆಯೇ ಎಚ್ಚರದಿಂದ ಸುಟ್ಟು ಬಯಲು ಮಾಡಿದರೆ ಬೆಂಕಿ ಅಲ್ಲಿಗೆ ಬಂದು ಇಂಧನವಿಲ್ಲದೆ ನಿಲ್ಲುತ್ತದೆ. ಈ ಕೆಲಸವನ್ನು ಪ್ರತಿ ವರ್ಷವೂ ಹೊಸದಾಗಿ ಮಾಡಬೇಕು. ಕಳೆದ ವರ್ಷದ ರೇಖೆಯನ್ನು ಮಳೆಗಾಲದ ಹುಲ್ಲು ಅಳಿಸಿಹಾಕಿರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟದ್ದು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಗಿ ಬಂದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೆಲಿಕಾಪ್ಟರನ್ನು ಎಲ್ಲ ವಾಹಿನಿಗಳೂ ತೋರಿಸಿದವು. ಹಸಿ ಸೊಪ್ಪು ಹಿಡಿದು ಹೊಗೆಯೊಳಗೆ ನುಗ್ಗಿದ ದಿನಗೂಲಿಯವರು ಕಂಡದ್ದು ಕಡಿಮೆ.

ಎರಡನೆಯದು ಲಂಟಾನ. ದಕ್ಷಿಣ ಅಮೆರಿಕದ ಕಡೆಯ ಈ ಪೊದೆಯನ್ನು ಬ್ರಿಟಿಷರ ಕಾಲದಲ್ಲಿ ಹೂವಿನ ಅಂದಕ್ಕಾಗಿ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಇಂದು ಬಂಡೀಪುರದ ಕಾಡಿನ ಬಹಳಷ್ಟು ನೆಲವನ್ನು ಅದು ಆವರಿಸಿದೆ. ಜಿಂಕೆ, ಕಾಟಿ, ಆನೆಗಳಿಗೆ ಅದು ಮೇವಲ್ಲ. ಮೇವಾಗಬೇಕಾದ ಹುಲ್ಲನ್ನು ಬೆಳೆಯಲು ಬಿಡುವುದಿಲ್ಲ. ಮೇಲಾಗಿ ಒಣಗಿದ ಲಂಟಾನ ನೆಲದ ಬೆಂಕಿಗೆ ಏಣಿಯಾಗಿ ಮರದ ನೆತ್ತಿಗೆ ಹತ್ತಿಸುತ್ತದೆ. ಕೊಚ್ಚಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇರುಸಹಿತ ಕಿತ್ತು, ಮತ್ತೆ ಮತ್ತೆ ಬಂದು ಸಸಿ ಕಿತ್ತರೆ ಮಾತ್ರ ಹುಲ್ಲು ಹಿಂತಿರುಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಸೋಲಿಗರು ಲಂಟಾನ ಕಡ್ಡಿಯಿಂದ ಕುರ್ಚಿ, ಮೇಜು, ಬುಟ್ಟಿ ಮಾಡುವುದನ್ನು ಕಲಿತಿದ್ದಾರೆ. ಕಳೆಯಿಂದಲೂ ಕೂಲಿ ಹುಟ್ಟಬಹುದೆಂಬುದಕ್ಕೆ ಇದು ಉದಾಹರಣೆ.

ಮೂರನೆಯದು ಕಾವಲು. ಕಾಡಿನೊಳಗೆ ಅಲ್ಲಲ್ಲಿ ಕಳ್ಳಬೇಟೆ ತಡೆ ಶಿಬಿರಗಳಿವೆ. ಸುತ್ತ ಆನೆ ಬಾರದಂತೆ ಕಂದಕ, ಒಳಗೆ ಒಂದು ಸಣ್ಣ ಕಟ್ಟಡ, ನಾಲ್ಕೈದು ಜನ, ಒಂದು ವೈರ್‌ಲೆಸ್. ದಿನವೂ ಕಾಲ್ನಡಿಗೆಯಲ್ಲಿ ಗಸ್ತು. ಇದರ ಜೊತೆಗೆ ಬೇಸಿಗೆಯಲ್ಲಿ ಕೆರೆಕಟ್ಟೆಗಳ ಹೂಳೆತ್ತಬೇಕು, ಬತ್ತಿದ ಕಡೆ ಸೋಲಾರ್ ಪಂಪಿನಿಂದ ನೀರು ತುಂಬಿಸಬೇಕು. ಊರಿನ ಅಂಚಿನಲ್ಲಿ ಆನೆ ಕಂದಕ, ಸೋಲಾರ್ ಬೇಲಿ, ಹಳೆಯ ರೈಲು ಕಂಬಿಗಳ ತಡೆಗೋಡೆ ಇವುಗಳನ್ನು ಕಟ್ಟಬೇಕು. ಕಟ್ಟಿದ ಮೇಲೆ ದುರಸ್ತಿಯಲ್ಲಿ ಇಡಬೇಕು. ಕಟ್ಟುವುದಕ್ಕಿಂತ ದುರಸ್ತಿಗೆ ಹಣ ಸಿಗುವುದು ಕಷ್ಟ. ದುರಸ್ತಿಗೆ ಉದ್ಘಾಟನೆ ಇರುವುದಿಲ್ಲವಲ್ಲ!

ಹಣವೇ ಬೇಡದ ಹೂಡಿಕೆಯೂ ಉಂಟು. 2009ರಿಂದ ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ತಡೆ ಬಂತು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದನ್ನು ನಿಲ್ಲಿಸಿ, ತಪ್ಪಲಿನಿಂದ ಸರ್ಕಾರಿ ಬಸ್ಸಿನಲ್ಲಿ ಭಕ್ತರನ್ನು ಕರೆದೊಯ್ಯುವ ಏರ್ಪಾಡು ಆಯಿತು. ದೇವರ ದರ್ಶನ ತಪ್ಪಲಿಲ್ಲ, ಬೆಟ್ಟದ ಮೇಲಿನ ಕಾರುಗಳ ಸಾಲು ತಪ್ಪಿತು. ಒಂದು ಬಸ್ಸೂ ಕಾಡಿಗೆ ಹಾಕಿದ ಬಂಡವಾಳವಾಗಬಲ್ಲದು.

ನಷ್ಟವೋ, ಲಾಭವೋ?

"ಇಷ್ಟೆಲ್ಲ ಖರ್ಚನ್ನು ಟಿಕೆಟ್ಟಿನ ಹಣದಿಂದಲೇ ಹುಟ್ಟಿಸಬಾರದೇಕೆ? ಊರಿನ ಶಾಲೆಗೆ ಮಾಡು ಇಲ್ಲದಿರುವಾಗ ಕಾಡಿಗೆ ಸರ್ಕಾರ ಏಕೆ ಹಣ ಕೊಡಬೇಕು?" ನಿಮ್ಮಲ್ಲಿ ವಾಣಿಜ್ಯಶಾಸ್ತ್ರ ಓದುವವರು ಈ ಪ್ರಶ್ನೆ ಕೇಳದೆ ಇರಲಾರಿರಿ. ಕೇಳಲೇಬೇಕಾದ ಪ್ರಶ್ನೆಯೂ ಹೌದು.

ಉತ್ತರಕ್ಕಾಗಿ ಕಬಿನಿಯ ನೀರಿನ ಹಿಂದೆಯೇ ಹೋಗೋಣ. ಕೇರಳದ ವಯನಾಡಿನಲ್ಲಿ ಹುಟ್ಟಿ, ಬಂಡೀಪುರ ಮತ್ತು ನಾಗರಹೊಳೆ ಕಾಡುಗಳ ನಡುವೆ ಹರಿದು, ಆ ಕಾಡಿನ ಹಳ್ಳಕೊಳ್ಳಗಳ ನೀರನ್ನೂ ಕೂಡಿಸಿಕೊಂಡು ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿಗೆ ಕುಡಿಯುವ ನೀರನ್ನು ಎತ್ತುವುದು ಆ ಸಂಗಮದಿಂದ ಕೆಳಗೆ, ಮಳವಳ್ಳಿ ತಾಲೂಕಿನಲ್ಲಿ. ಎಂದರೆ ಬಂಡೀಪುರವನ್ನು ಜನ್ಮದಲ್ಲಿ ನೋಡದ ಬೆಂಗಳೂರಿನ ಮನೆಯ ನಲ್ಲಿಯಲ್ಲೂ ಆ ಕಾಡಿನ ಪಾಲು ಇದೆ. ಆ ಮನೆಯವರು ಕಾಡಿಗೆ ಟಿಕೆಟ್ ಕೊಂಡಿಲ್ಲ. ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುವುದಕ್ಕೆ, ಮಳೆಯನ್ನು ನೆಲಕ್ಕಿಳಿಸಿ ನಿಧಾನವಾಗಿ ಹಳ್ಳಕ್ಕೆ ಬಿಡುವುದಕ್ಕೆ ಕಾಡು ಬಿಲ್ಲು ಕಳುಹಿಸುವುದಿಲ್ಲ. ಲಾಭ ಎಲ್ಲರಿಗೂ ಹಂಚಿಹೋಗುವ, ಆದರೆ ಯಾರಿಂದಲೂ ಬಾಗಿಲಲ್ಲಿ ನಿಂತು ಬೆಲೆ ವಸೂಲು ಮಾಡಲಾಗದ ಇಂಥ ಸ್ವತ್ತಿಗೆ ಅರ್ಥಶಾಸ್ತ್ರಜ್ಞರು ಸಾರ್ವಜನಿಕ ಸ್ವತ್ತು ಎನ್ನುತ್ತಾರೆ. ಅದಕ್ಕೆ ತೆರಿಗೆಯ ಹಣ ಹಾಕುವುದು ದಾನವಲ್ಲ. ಎಲ್ಲರೂ ಪಡೆದ ಲಾಭಕ್ಕೆ ಎಲ್ಲರೂ ಸೇರಿ ಕೊಡುವ ಬೆಲೆ.

ಟಿಕೆಟ್ಟಿನ ಹಣವನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಕಡೆಯ ಅನುಭವ ನೋಡಿ. 1892ರಲ್ಲಿ ಸ್ಥಾಪನೆಯಾದ ಮೈಸೂರು ಮೃಗಾಲಯ ಕಾಡಲ್ಲ, ನಿಜ. ಆದರೆ ಅದರ ದಿನದ ಖರ್ಚು ಬಹುಮಟ್ಟಿಗೆ ಪ್ರೇಕ್ಷಕರು ಕೊಡುವ ಶುಲ್ಕದಿಂದಲೇ ನಡೆಯುವಂಥದು. 2020ರಲ್ಲಿ ಕೋವಿಡ್ ಕಾರಣ ಬಾಗಿಲು ಮುಚ್ಚಿದಾಗ ಆದಾಯ ನಿಂತಿತು. ಆನೆಗೆ, ಹುಲಿಗೆ ಹಸಿವು ನಿಲ್ಲಲಿಲ್ಲ. ಸಾರ್ವಜನಿಕರಿಂದ ದೇಣಿಗೆ ಕೇಳಬೇಕಾಯಿತು, ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಿ ಎಂದು ಕರೆ ಕೊಡಬೇಕಾಯಿತು. ಜನ ಕೈಬಿಡಲಿಲ್ಲ ಎಂಬುದು ಸಂತೋಷದ ಮಾತು. ಆದರೆ ಇಡೀ ಕಾಡನ್ನು ಅಂಥ ಸ್ಥಿತಿಗೆ ತಂದು ನಿಲ್ಲಿಸಬಹುದೆ? ಪ್ರವಾಸಿಗಳಿಲ್ಲದ ವರ್ಷವೂ ತರಗೆಲೆ ಉದುರುತ್ತದೆ, ಬೆಂಕಿ ರೇಖೆ ಬೇಕಾಗುತ್ತದೆ.

ಹಾಗೆಂದು ಶುಲ್ಕದ ಹಣಕ್ಕೆ ಬೆಲೆಯಿಲ್ಲವೆಂದಲ್ಲ. ಅದು ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ. 2006ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು ಪ್ರತಿ ಹುಲಿ ಮೀಸಲು ಪ್ರದೇಶಕ್ಕೂ ಹುಲಿ ಸಂರಕ್ಷಣಾ ಪ್ರತಿಷ್ಠಾನ ಸ್ಥಾಪಿಸುವ ಅವಕಾಶ ಮಾಡಲಾಯಿತು. ಪ್ರವೇಶ ಶುಲ್ಕ ಮುಂತಾದವು ಮರಳಿ ಅದೇ ಕಾಡಿನ, ಅದರ ಅಂಚಿನ ಜನರ ಕೆಲಸಕ್ಕೆ ಬರಬೇಕೆಂಬುದು ಅದರ ಆಶಯ. ಹುಲಿ ಕಾಣದ ನಿಮ್ಮ ಗೆಳೆಯನ ದುಡ್ಡು ದಂಡವಾಗಲಿಲ್ಲ ಎಂದು ಹೇಳಲು ಈ ಒಂದು ಏರ್ಪಾಡು ಸಾಕು, ಅದು ಸರಿಯಾಗಿ ನಡೆದರೆ.

ಮಿತಿ ಎಲ್ಲಿ?

ಪ್ರವಾಸೋದ್ಯಮದ ಪರವಾಗಿ ಇರುವ ವಾದ ಬಲವಾದದ್ದೇ. ನೋಡದೆ ಇದ್ದದ್ದನ್ನು ಯಾರೂ ಪ್ರೀತಿಸುವುದಿಲ್ಲ. ಪ್ರವಾಸಿ ವಾಹನ ಓಡಾಡುವ ಕಡೆ ಕಳ್ಳಬೇಟೆಗಾರ ಅಂಜುತ್ತಾನೆ. ಸ್ಥಳೀಯ ಯುವಕರಿಗೆ ಚಾಲಕರ, ಮಾರ್ಗದರ್ಶಕರ, ಅಡಿಗೆಯವರ ಕೆಲಸ ಸಿಗುತ್ತದೆ. ವಿರುದ್ಧದ ವಾದವೂ ಅಷ್ಟೇ ಬಲವಾದದ್ದು. ವಾಹನ ಹೆಚ್ಚಿದಂತೆ ಪ್ರಾಣಿಗಳ ನೆಮ್ಮದಿ ಕಡಿಮೆಯಾಗುತ್ತದೆ. ರೆಸಾರ್ಟುಗಳು ಕಾಡಿನ ಅಂಚಿನ ಜಮೀನುಗಳಲ್ಲಿ ಸಾಲುಗಟ್ಟಿದರೆ ಆನೆಯ ದಾರಿ ಮುಚ್ಚಿಹೋಗುತ್ತದೆ. ದೀಪ, ಧ್ವನಿವರ್ಧಕ, ಪ್ಲಾಸ್ಟಿಕ್ ಹಿಂದೆಯೇ ಬರುತ್ತವೆ.

ಎರಡೂ ಕಡೆಯ ಜಗ್ಗಾಟ ನ್ಯಾಯಾಲಯಗಳನ್ನೂ ಮುಟ್ಟಿದೆ. 1990ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೆ ಪ್ರವಾಸಿಗೃಹ ನಡೆಸಲು ಖಾಸಗಿ ಹೋಟೆಲ್ ಕಂಪನಿಯೊಂದಕ್ಕೆ ಗುತ್ತಿಗೆ ಕೊಡಲಾಗಿತ್ತು. ಅಲ್ಲಿನ ಆದಿವಾಸಿಗಳು ಪ್ರತಿಭಟಿಸಿದರು. "ನಮ್ಮನ್ನು ಕಾಡಿನಿಂದ ಹೊರಗೆ ಹೋಗಿ ಎನ್ನುವವರು ಹೋಟೆಲನ್ನು ಒಳಗೆ ಕರೆದದ್ದು ಹೇಗೆ?" ಎಂಬುದು ಅವರ ಪ್ರಶ್ನೆಯ ತಿರುಳು. 1997ರಲ್ಲಿ ಕರ್ನಾಟಕ ಹೈಕೋರ್ಟ್, ಆ ಗುತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು ತೀರ್ಪಿತ್ತಿತು. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ದೇಶದ ಹುಲಿ ಮೀಸಲು ಪ್ರದೇಶಗಳ ಒಳವಲಯದಲ್ಲಿ ಪ್ರವಾಸೋದ್ಯಮವನ್ನೇ ತಾತ್ಕಾಲಿಕವಾಗಿ ತಡೆಯಿತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಗಳನ್ನು ಹೊರಡಿಸಿದ ಬಳಿಕ, ಅದೇ ವರ್ಷದ ಅಕ್ಟೋಬರಿನಲ್ಲಿ ಆ ತಡೆ ತೆರವಾಯಿತು. ಒಳವಲಯದ ಶೇಕಡಾ 20ನ್ನು ಮೀರಿ ಪ್ರವಾಸೋದ್ಯಮಕ್ಕೆ ಬಳಸಬಾರದು ಎಂಬುದು ಆ ಮಾರ್ಗಸೂಚಿಗಳಲ್ಲೊಂದು. ಐದರಲ್ಲಿ ನಾಲ್ಕು ಪಾಲು ಕಾಡು ನಾವು ಯಾರೂ ನೋಡಬಾರದ ಕಾಡು. ನಮ್ಮ ಹಣ ಅದಕ್ಕೂ ಹೋಗುತ್ತದೆ. ಹೋಗಬೇಕು.

ಬೆಲೆ ತೆರುವವರು

ಈ ಲೆಕ್ಕದಲ್ಲಿ ಇನ್ನೊಂದು ಪುಟವಿದೆ, ಅದನ್ನು ಮಗುಚದೆ ಮುಂದೆ ಹೋಗುವಂತಿಲ್ಲ. ಕಾಡನ್ನು ಉದ್ಯಾನವೆಂದು ಘೋಷಿಸಿದಾಗ ಅಲ್ಲಿ ತಲೆಮಾರುಗಳಿಂದ ಬದುಕಿದ್ದ ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಕುಟುಂಬಗಳಲ್ಲಿ ಎಷ್ಟೋ ಮಂದಿ ಹಾಡಿ ಬಿಟ್ಟು ಹೊರಗೆ ಬಂದರು. 2006ರ ಅರಣ್ಯ ಹಕ್ಕು ಕಾಯ್ದೆ ಅವರ ಹಕ್ಕನ್ನು ಮಾನ್ಯ ಮಾಡಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲು ಪ್ರದೇಶವೊಂದರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದವರಲ್ಲಿ ಮೊದಲಿಗರಾದರು. ಇನ್ನೂ ಎಷ್ಟೋ ಅರ್ಜಿಗಳ ವಿವಾದ ಮುಗಿದಿಲ್ಲ.

ಅಂಚಿನ ರೈತನ ಪಾಡು ಇನ್ನೊಂದು. ರಾಗಿ, ಜೋಳ, ಬಾಳೆ ಕೈಗೆ ಬರುವ ಹೊತ್ತಿಗೆ ಆನೆ ಬರುತ್ತದೆ. ಹುಲಿಗಳ ಸಂಖ್ಯೆ ಹೆಚ್ಚಿತೆಂದು ನಾವು ಸಂತೋಷಪಡುವಾಗ ಅವನು ಕೊಟ್ಟಿಗೆಯ ಬಾಗಿಲು ನೋಡುತ್ತಾನೆ. 2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸರಗೂರು ಸುತ್ತಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಜನರ ಸಿಟ್ಟು ಸಫಾರಿಯ ಮೇಲೂ ತಿರುಗಿತು. ನವೆಂಬರಿನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸ್ಥಗಿತಗೊಳಿಸಿ, ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕಾರ್ಯಾಚರಣೆಗೆ ಬಳಸುವಂತೆ ಆದೇಶಿಸಿತು. ಸಫಾರಿಯಿಂದಲೇ ಹುಲಿ ಹೊರಗೆ ಬರುತ್ತದೆಯೆ ಎಂಬುದು ವಿಜ್ಞಾನ ಉತ್ತರಿಸಬೇಕಾದ ಪ್ರಶ್ನೆ, ಅದನ್ನು ಕೋಪದಲ್ಲಿ ತೀರ್ಮಾನಿಸಬಾರದು. ಆದರೆ ಪ್ರವಾಸಿಗೆ ಹುಲಿ ತೋರಿಸಲು ವಾಹನ, ಚಾಲಕ ಸದಾ ಸಿದ್ಧವಿರುವಾಗ, "ನನ್ನ ಹೊಲದಲ್ಲಿ ಹುಲಿ ಇದೆ" ಎಂದು ಫೋನು ಮಾಡಿದ ರೈತನಿಗೆ ಅಷ್ಟೇ ಬೇಗ ವಾಹನ ಬರುತ್ತದೆಯೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಆ ಪ್ರಶ್ನೆಗೆ ಉತ್ತರ ಕೊಡದ ಬಜೆಟ್ಟು ಅರ್ಧ ಬಜೆಟ್ಟು.

ಊರ ಪಕ್ಕದ ಕಾಡು

ಹಾಗಾದರೆ ಜನ ವಿಹಾರಕ್ಕೆ ಹೋಗುವುದೇ ತಪ್ಪೆ? ಖಂಡಿತ ಅಲ್ಲ. ಮಕ್ಕಳು ಮರ ಹತ್ತಬೇಕು, ಕೂಗಬೇಕು, ಬುತ್ತಿ ಬಿಚ್ಚಿ ಉಣ್ಣಬೇಕು. ಆದರೆ ಅದಕ್ಕೆ ಹುಲಿಯ ಮನೆಯಂಗಳವೇ ಬೇಕೆ? ನಮ್ಮ ಅರಣ್ಯ ಇಲಾಖೆ ಪಟ್ಟಣಗಳ ಪಕ್ಕದ ಅರಣ್ಯಭೂಮಿಯಲ್ಲಿ ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ವೃಕ್ಷೋದ್ಯಾನಗಳನ್ನು ಮಾಡಿದೆ. ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಗಂಡನೊಡನೆ ಸೇರಿ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಆ ತಾಯಿ 2025ರ ನವೆಂಬರಿನಲ್ಲಿ ತೀರಿಕೊಂಡರು. ಈ ಉದ್ಯಾನಗಳಲ್ಲಿ ನಡೆಯುವ ದಾರಿ, ನೆರಳು, ಮಕ್ಕಳ ಆಟದ ಜಾಗ, ಮರಗಳ ಹೆಸರಿನ ಫಲಕ ಇವೆಲ್ಲ ಇರಬೇಕೆಂಬುದು ಯೋಜನೆ. ಕಡಿಮೆ ಖರ್ಚಿನಲ್ಲಿ, ಸಂಜೆ ಶಾಲೆ ಬಿಟ್ಟ ಮೇಲೆ ಹೋಗಿಬರಬಹುದಾದ ಕಾಡು. ಬಂಡೀಪುರಕ್ಕೆ ಹೋಗಿ ಒಂದು ರಾತ್ರಿ ತಂಗಲು ಶಕ್ತಿಯಿಲ್ಲದ ಕುಟುಂಬದ ಮಗುವಿಗೂ ಕಾಡು ಕಾಣಬೇಕಲ್ಲವೆ? ನನ್ನ ದೃಷ್ಟಿಯಲ್ಲಿ ವಿಹಾರಕ್ಕೆಂದು ಸರ್ಕಾರ ಹಾಕುವ ಕಾಣುವ ಖರ್ಚಿನ ದೊಡ್ಡ ಪಾಲು ಇಲ್ಲಿಗೆ ಬರಬೇಕು. ಒಳಗಿನ ಕಾಡಿಗೆ ಹೋಗಬೇಕಾದದ್ದು ಕಾಣದ ಖರ್ಚು.

ಇನ್ನು ನಿಮಗೊಂದು ಕೆಲಸ. ಮುಂದಿನ ಸಲ ಯಾವುದಾದರೂ ಅರಣ್ಯಧಾಮಕ್ಕೋ ವೃಕ್ಷೋದ್ಯಾನಕ್ಕೋ ಹೋದಾಗ ಒಂದು ನೋಟ್‌ಬುಕ್ ಒಯ್ಯಿರಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ 'ಕಂಡ ಖರ್ಚು', ಬಲಕ್ಕೆ 'ಕಾಣದ ಖರ್ಚು' ಎಂದು ಬರೆಯಿರಿ. ಕಂಡದ್ದನ್ನು ಸುಲಭವಾಗಿ ತುಂಬುತ್ತೀರಿ. ಬಲಗಡೆಯದನ್ನು ತುಂಬಲು ಕೇಳಬೇಕಾಗುತ್ತದೆ. ಚಾಲಕರನ್ನು, ವಾಚರ್ ಅಣ್ಣನನ್ನು, ವಲಯ ಅರಣ್ಯಾಧಿಕಾರಿಗಳನ್ನು, ಗೇಟಿನ ಹತ್ತಿರ ಚಹಾ ಮಾರುವ ಅಕ್ಕನನ್ನು ವಿನಯದಿಂದ ಕೇಳಿ. ಈ ವರ್ಷ ಬೆಂಕಿ ರೇಖೆ ಯಾವಾಗ ಮಾಡಿದಿರಿ? ಎಷ್ಟು ಜನ ಮಾಡಿದಿರಿ? ಕೂಲಿ ತಿಂಗಳಿಗೆ ಸರಿಯಾಗಿ ಕೈಗೆ ಬರುತ್ತದೆಯೆ? ಕಂದಕ ಎಲ್ಲಿ ಕುಸಿದಿದೆ? ಉತ್ತರಗಳನ್ನು ಬರೆದುಕೊಂಡು ಬಂದು ತರಗತಿಯಲ್ಲಿ ಓದಿ, ಚರ್ಚೆ ಮಾಡಿ. ನಿಮ್ಮ ಊರಿನ ಶಾಸಕರಿಗೋ ಅರಣ್ಯ ಇಲಾಖೆಗೋ ಪತ್ರ ಬರೆಯಿರಿ. ಸಾರ್ವಜನಿಕ ಹಣದ ಬಗ್ಗೆ ಪ್ರಶ್ನೆ ಕೇಳಲು ಮತದಾನದ ವಯಸ್ಸು ಆಗಬೇಕಿಲ್ಲ.

ನನ್ನ ಕಡೆಯಿಂದಲೂ ಒಂದು ಕೆಲಸ ಉಳಿದಿತ್ತು. ಕತ್ತರಿಸಿ ಇಟ್ಟಿದ್ದ ಆ ದೃಶ್ಯವನ್ನು ಹುಡುಕಿಸಿ ತೆಗೆಸಿದ್ದೇನೆ. ಒಂದು ನಿಮಿಷ 40 ಸೆಕೆಂಡು ಇದೆ. ಈ ಭಾಷಣ ಪ್ರಸಾರವಾಗುವ ದಿನ ಇದರ ಜೊತೆಗೆ ಅದನ್ನೂ ತೋರಿಸುತ್ತೇವೆ. ಅದರಲ್ಲಿ ಹುಲಿ ಇಲ್ಲ, ಆನೆ ಇಲ್ಲ. ಏಳೆಂಟು ಜನ, ಒಣಹುಲ್ಲು, ಹಸಿ ಸೊಪ್ಪು, ತೆಳ್ಳಗಿನ ಹೊಗೆ, ಹಿಂದೆ ಸುಡದೆ ಉಳಿದ ಕಾಡು ಇಷ್ಟೇ ಇವೆ. ಪತ್ರ ಬರೆದ ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ, ಅವಳೂ ನೋಡಲಿ ಎಂಬುದು ನನ್ನ ಆಸೆ.